ಕ್ಲಾರಿನೆಟ್ ಹಿಡಿದರೆ ಜೀವನ ಸಾಗುತ್ತದೆಯೇ?

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಎಂಟನೆಯ ತರಗತಿಯಿಂದ ನಮ್ಮ ಇಗರ್ಜಿಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದಾಳೆ. ಈಗ ಎಂಜಿನಿಯರಿಂಗ್ ಬೇಡ, ಸಿಂಫನಿ ಆರ್ಕೆಸ್ಟ್ರಾ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಇದರಲ್ಲಿ ಹೊಟ್ಟೆಪಾಡು ನಡೆಯುತ್ತದೆಯೇ? ಬೇಡವೆಂದು ಹೇಳಲೇ?
– ಒಬ್ಬ ತಂದೆ, ಶಿರ್ವ

ಉತ್ತರ: ಬೇಡವೆನ್ನಬೇಡಿ. ಆದರೆ ಲೆಕ್ಕವನ್ನು ಅವಳನ್ನು ಎದುರಿಗೆ ಕೂರಿಸಿಕೊಂಡೇ ಹಾಕಿ.

ಪೂರ್ಣ ಪ್ರಮಾಣದ ಸಿಂಫನಿ ಆರ್ಕೆಸ್ಟ್ರಾದಲ್ಲಿ ಎಂಬತ್ತರಿಂದ ನೂರು ಮಂದಿ ಇರುತ್ತಾರೆ. ಪಿಟೀಲಿನವರೇ ಮೂವತ್ತರ ಸುಮಾರು. ಕ್ಲಾರಿನೆಟ್‌ಗೆ ಎರಡು ಕುರ್ಚಿ, ದೊಡ್ಡ ಕೃತಿಗಳಿಗೆ ಮೂರೋ ನಾಲ್ಕೋ. ಕುಳಿತವರು ಏಳುವ ತನಕ ಜಾಗ ಖಾಲಿಯಾಗುವುದಿಲ್ಲ. ನಮ್ಮ ದೇಶದಲ್ಲಿ ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾ ಎಂದರೆ 2006ರಲ್ಲಿ ಮುಂಬಯಿಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅಲ್ಲಿಯೂ ಬಹಳಷ್ಟು ವಿದೇಶಿ ಕಲಾವಿದರು ಬಂದು ನುಡಿಸುತ್ತಾರೆ. ಹೊರದೇಶಗಳ ದೊಡ್ಡ ವಾದ್ಯವೃಂದಗಳಲ್ಲಿ ಒಂದು ಕುರ್ಚಿಗೆ ನೂರಕ್ಕೂ ಮಿಕ್ಕಿ ಜನ ಆಡಿಷನ್‌ಗೆ ಬರುವುದುಂಟು. ಅನೇಕ ಕಡೆ ಮೊದಲ ಸುತ್ತಿನಲ್ಲಿ ಯಾರೆಂದು ಕಾಣದಂತೆ ಪರದೆಯ ಹಿಂದಿನಿಂದಲೇ ನುಡಿಸಬೇಕು. ಮೊಟ್ಸಾರ್ಟ್ 1791ರಲ್ಲಿ ಬರೆದ ಕ್ಲಾರಿನೆಟ್ ಕಾನ್ಸರ್ಟೊ ತಪ್ಪುವುದಿಲ್ಲ, ಬೀಥೋವನ್‌ನ ಆರನೆಯ ಸಿಂಫನಿಯ ತುಣುಕುಗಳನ್ನೂ ಕೇಳುತ್ತಾರೆ. ಹತ್ತು ನಿಮಿಷದೊಳಗೆ ಎಲ್ಲ ಮುಗಿದಿರುತ್ತದೆ.

ಇಷ್ಟು ಕೇಳಿಯೂ ಅವಳ ಮುಖ ಬಾಡದಿದ್ದರೆ ಮುಂದಿನದನ್ನು ಓದಿ ಹೇಳಿ.

ನಾನು ಮಂಗಳೂರಿನ ಬೆಂದೂರಿನವನು. ಮುಂಬಯಿಯಲ್ಲಿ ಇಪ್ಪತ್ತೆರಡು ವರ್ಷ ಎರಡನೆಯ ಕ್ಲಾರಿನೆಟ್ ನುಡಿಸಿದೆ. ಹಗಲು ಬ್ಯಾಂಕಿನ ಕೆಲಸ, ಸಂಜೆ ರಿಹರ್ಸಲ್. ಮನೆ ನಡೆದದ್ದು ಬ್ಯಾಂಕಿನ ಸಂಬಳದಿಂದ. ಅದನ್ನು ಮುಚ್ಚಿಟ್ಟು ನಿಮಗೆ ಉತ್ತರ ಬರೆದರೆ ತಪ್ಪಾಗುತ್ತದೆ. ಆದರೂ ಆ ಕುರ್ಚಿಯನ್ನು ಯಾವುದಕ್ಕೂ ಬಿಟ್ಟುಕೊಡುತ್ತಿರಲಿಲ್ಲ.

ಚೈಕೋವ್‌ಸ್ಕಿ 1888ರಲ್ಲಿ ಬರೆದ ಐದನೆಯ ಸಿಂಫನಿ ತೆರೆದುಕೊಳ್ಳುವುದೇ ಎರಡು ಕ್ಲಾರಿನೆಟ್‌ಗಳಿಂದ. ಇಬ್ಬರಿಗೂ ಒಂದೇ ಸ್ವರ, ವಾದ್ಯದ ತೀರಾ ತಗ್ಗಿನ ಸ್ಥಾಯಿ, ಕೆಳಗೆ ತಂತಿವಾದ್ಯಗಳ ಮೆಲ್ಲನೆಯ ಆಸರೆ. ಸಭೆ ಇನ್ನೂ ಕೆಮ್ಮಿ ಮುಗಿಸಿರುವುದಿಲ್ಲ. ಮೊದಲ ಸಲ ನುಡಿಸಿದ ದಿನ ನಾನು ವಾದ್ಯವೃಂದವನ್ನು ನಡೆಸುವ ಕಂಡಕ್ಟರನ ಕೋಲನ್ನೇ ನೋಡುತ್ತಿದ್ದೆ. ಪಕ್ಕದ ಹಿರಿಯರು ರಿಹರ್ಸಲ್ ನಿಲ್ಲಿಸಿ, "ಕೋಲು ಬಿಡು, ನನ್ನ ಭುಜ ನೋಡು" ಎಂದರು. ಅವರ ಎಡಭುಜ ಕೂದಲೆಳೆಯಷ್ಟು ಏಳುತ್ತಿತ್ತು. ಅದೇ ಅವರು ಉಸಿರು ತೆಗೆದುಕೊಳ್ಳುವ ಗಳಿಗೆ. ಅದರೊಂದಿಗೆ ನನ್ನ ಉಸಿರೂ ಸೇರಿದ ಸಂಜೆ ನನ್ನ ದನಿ ನನಗೆ ಬೇರೆಯಾಗಿ ಕೇಳಿಸಲಿಲ್ಲ. ಇಬ್ಬರ ಮಧ್ಯೆ, ಯಾರದೂ ಅಲ್ಲದ ಒಂದೇ ದನಿ ನಿಂತಿತ್ತು. ಆರ್ಕೆಸ್ಟ್ರಾದ ಕ್ಲಾರಿನೆಟ್ ವಾದಕನ ಬದುಕು ಅದೇ. ಎಪ್ಪತ್ತು ತಾಳ ಸುಮ್ಮನೆ ಎಣಿಸುತ್ತಾ ಕುಳಿತು, ನಾಲ್ಕು ಸ್ವರಕ್ಕಾಗಿ ಪಕ್ಕದವರ ಉಸಿರನ್ನು ಕಾಯುವುದು. ನಿಮ್ಮ ಮಗಳಿಗೆ ಇದು ಹಿಡಿಸುತ್ತದೆಯೇ ಕೇಳಿ. ಒಬ್ಬಳೇ ಮುಂದೆ ನಿಂತು ನುಡಿಸುವುದೇ ಅವಳ ಆಸೆಯಾಗಿದ್ದರೆ ಬೇರೆ ದಾರಿಗಳಿವೆ. ಪಾಶ್ಚಾತ್ಯ ವಾದ್ಯವಾದ ಸ್ಯಾಕ್ಸೊಫೋನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿ ಜಗತ್ತನ್ನೇ ತಲೆದೂಗಿಸಿದ ಕದ್ರಿ ಗೋಪಾಲನಾಥರು ನಮ್ಮ ಜಿಲ್ಲೆಯವರೇ.

ಇನ್ನು ಬ್ಯಾಂಡಿನ ಮಾತು. ಇಗರ್ಜಿಯ ಭ್ರಾತೃತ್ವದ ಭಾನುವಾರದ ಮೆರವಣಿಗೆಯಲ್ಲಿ ಡ್ರಮ್ಮಿನ ಸದ್ದನ್ನು ಮೀರಿ ಊದಿದ ಬಾಯಿಗೆ ರೀಡನ್ನು, ಅಂದರೆ ವಾದ್ಯದ ತುದಿಯಲ್ಲಿ ಕಂಪಿಸುವ ತೆಳು ಪಟ್ಟಿಯನ್ನು, ಕಚ್ಚುವ ಚಾಳಿ ಬಿದ್ದಿರುತ್ತದೆ. ನನಗೂ ಬಿದ್ದಿತ್ತು, ಬಿಡಿಸಿಕೊಳ್ಳಲು ಆರು ತಿಂಗಳು ಬೇಕಾಯಿತು. ದಿನವೂ ಬೆಳಗ್ಗೆ, ಪಕ್ಕದ ಕೋಣೆಯ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುವಷ್ಟು ಮೆಲ್ಲಗೆ, ಒಂದೊಂದು ಸ್ವರವನ್ನು ಹನ್ನೆರಡು ಎಣಿಸುವ ತನಕ ಅವಳು ಹಿಡಿಯಲಿ. ಬ್ಯಾಂಡಿನ ಇನ್ನೊಬ್ಬ ಕ್ಲಾರಿನೆಟ್‌ನವರನ್ನು ಮನೆಗೆ ಕರೆಯಿರಿ, ಇಬ್ಬರೂ ಕೂಡಿ ನುಡಿಸಲಿ. ಮೊಬೈಲಿನಲ್ಲಿ ಹಾಕಿದ ಹಿನ್ನೆಲೆಗೆ ನುಡಿಸಿದರೆ ಆ ಪಾಠ ಸಿಗುವುದಿಲ್ಲ, ಮೊಬೈಲು ಉಸಿರಾಡುವುದಿಲ್ಲವಲ್ಲ.

ಖರ್ಚಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಆರ್ಕೆಸ್ಟ್ರಾಕ್ಕೆ ಬಿ ಫ್ಲಾಟ್ ಮತ್ತು ಎ ಎಂಬ ಎರಡು ಶ್ರುತಿಗಳ ಎರಡು ಕ್ಲಾರಿನೆಟ್ ಬೇಕು. ಒಳ್ಳೆಯ ಮರದ ವಾದ್ಯಕ್ಕೆ ಒಂದೊಂದಕ್ಕೂ ಲಕ್ಷಗಟ್ಟಲೆ ಬೆಲೆ. ಈಗಲೇ ಬೇಡ, ಪ್ಲಾಸ್ಟಿಕ್ಕಿನದರಲ್ಲೇ ಟ್ರಿನಿಟಿ ಸಂಗೀತ ಪರೀಕ್ಷೆಯ ಎಂಟನೆಯ ಗ್ರೇಡ್ ಮುಗಿಸಲಿ. ಜೊತೆಗೆ ಒಂದು ಪದವಿ ನಡೆಯುತ್ತಿರಲಿ. ನೌಕಾಪಡೆಯೂ ವಾಯುಪಡೆಯೂ ಅಗ್ನಿಪಥ್ ಯೋಜನೆಯಲ್ಲಿ ವಾದ್ಯಗಾರರನ್ನು ಅಗ್ನಿವೀರರಾಗಿ ತೆಗೆದುಕೊಳ್ಳುತ್ತವೆ, ಈಚೆಗೆ ಹೆಣ್ಣುಮಕ್ಕಳಿಗೂ ಅವಕಾಶವಿದೆ. ಅವಧಿ ನಾಲ್ಕು ವರ್ಷ, ಆಮೇಲೆ ಕೆಲವರನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಆದರೂ ದಿನವಿಡೀ ನುಡಿಸಿ ಸಂಬಳ ಪಡೆಯುವ ನಾಲ್ಕು ವರ್ಷಗಳವು. ನಾನಾಗಿದ್ದರೆ ಅದನ್ನು ಹಗುರವಾಗಿ ಕಾಣುತ್ತಿರಲಿಲ್ಲ.

ಪ್ರಶ್ನೆ: ಮಳೆಗಾಲ ಬಂತೆಂದರೆ ರೀಡಿಗೆ ಬೂಷ್ಟು, ವಾದ್ಯದ ಕೀಲುಗಳು ಬಿಗಿದು ಬಿಚ್ಚಲು ಬರುವುದಿಲ್ಲ. ಏನು ಮಾಡಲಿ?
– ಒಬ್ಬ ಓದುಗ, ಉಳ್ಳಾಲ

ಉತ್ತರ: ಮರ ತೇವ ಕುಡಿದು ಉಬ್ಬಿದೆ. ಬಲ ಹಾಕಿ ತಿರುಚಬೇಡಿ, ಬೆರಳು ಒತ್ತುವ ಕೀಲಿಗಳ ಸರಳು ಬಾಗುತ್ತದೆ. ಒಣಗಿದ ಕೋಣೆಯಲ್ಲಿ ಒಂದು ರಾತ್ರಿ ಇಟ್ಟು ಮರುದಿನ ನೋಡಿ. ಬಿಸಿಲಿಗೆ ಇಡುವುದಾಗಲಿ ಹೇರ್ ಡ್ರೈಯರ್ ಹಿಡಿಯುವುದಾಗಲಿ ಕೂಡದು, ಮರ ಸೀಳುತ್ತದೆ. ನುಡಿಸಿದ ಕೂಡಲೇ ಬಟ್ಟೆ ಎಳೆದು ಒಳಗಿನ ನೀರು ಒರೆಸಿ, ಭಾಗಗಳನ್ನು ಬಿಡಿಸಿ, ಕೀಲುಗಳ ಕಾರ್ಕಿಗೆ ಗ್ರೀಸ್ ಹಚ್ಚಿ ಇಡಿ. ನಾಲ್ಕು ರೀಡುಗಳನ್ನು ಸರದಿಯಲ್ಲಿ ಬಳಸಿ. ಒರೆಸಿದ ರೀಡನ್ನು ಚಪ್ಪಟೆಯಾಗಿ ಮಲಗಿಸುವ ಡಬ್ಬಿಯಲ್ಲಿಟ್ಟು, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಪೊಟ್ಟಣವನ್ನು ಜೊತೆಗಿಡಿ. ಬೂಷ್ಟು ಹಿಡಿದದ್ದನ್ನು ತೊಳೆದು ಮತ್ತೆ ಬಾಯಿಗಿಡಬೇಡಿ, ಎಸೆದುಬಿಡಿ.