ಹಿಂತೆಗೆದುಕೊಂಡ ಸಂಶೋಧನೆ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಪ್ರಕಟವಾದ ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಜರ್ನಲ್‌ಗಳು ಹಿಂತೆಗೆದುಕೊಂಡ ಸುದ್ದಿಯನ್ನು ಆಗಾಗ ಓದುತ್ತೇವೆ. ರೋಗಿಗಳ ಮೇಲೆ ನಡೆಸುವ ಅಧ್ಯಯನವನ್ನು ಮೊದಲೇ ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಇರಲಿಲ್ಲವೆಂಬುದು ಹಲವು ಸಲ ಕಾರಣವಾಗಿರುತ್ತದೆ. ಅನುಮತಿ ಪತ್ರ ಇಲ್ಲದ ಮಾತ್ರಕ್ಕೆ ಫಲಿತಾಂಶ ಸುಳ್ಳಾಗುತ್ತದೆಯೇ? ಪ್ರಕಟಣೆಗೆ ಮುನ್ನ ನಡೆಯುವ ತಜ್ಞರ ಪರಿಶೀಲನೆಯಲ್ಲಿ ಇದು ಏಕೆ ಗೊತ್ತಾಗುವುದಿಲ್ಲ? ಹಿಂತೆಗೆದುಕೊಂಡ ಲೇಖನವನ್ನು ಅಳಿಸಿ ಹಾಕುವುದಿಲ್ಲವೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅನುಮತಿ ಪಡೆಯದೆ ನಡೆಸಿದ ಅಧ್ಯಯನದ ಅಂಕಿಅಂಶಗಳು ನಿಜವೇ ಆಗಿರಬಹುದು. ಆದರೂ ರೋಗಿಯ ಹಕ್ಕನ್ನು ಬದಿಗೊತ್ತಿ ಪಡೆದ ಫಲಿತಾಂಶವನ್ನು ಪ್ರಕಟಣೆಗೆ ಸ್ವೀಕರಿಸಬಾರದೆಂದು ಮನುಷ್ಯರ ಮೇಲಿನ ಸಂಶೋಧನೆಯ ನೀತಿಯನ್ನು ಹೇಳುವ, ವಿಶ್ವ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆ ಹೇಳುತ್ತದೆ. ಚೀನಾದ ಅಂಗಾಂಗ ಕಸಿ ಕುರಿತ 445 ಲೇಖನಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2019ರಲ್ಲಿ ಬಿಎಂಜೆ ಓಪನ್ ಎಂಬ ಜರ್ನಲ್‌ನಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಶೇ. 90ಕ್ಕೂ ಹೆಚ್ಚು ಲೇಖನಗಳು, ಅಂಗಗಳು ಮರಣದಂಡನೆಗೊಳಗಾದ ಕೈದಿಗಳವೋ ಅಲ್ಲವೋ ಎಂಬುದನ್ನೇ ತಿಳಿಸಿರಲಿಲ್ಲ. ಅದರ ನಂತರ ಕೆಲವು ಜರ್ನಲ್‌ಗಳು ತಾವು ಪ್ರಕಟಿಸಿದ್ದ ಇಂಥ ಲೇಖನಗಳನ್ನು ಹಿಂತೆಗೆದುಕೊಂಡವು. ಶಸ್ತ್ರಚಿಕಿತ್ಸೆಯ ಫಲಿತಾಂಶ ಸರಿಯೋ ತಪ್ಪೋ ಎಂಬ ಪ್ರಶ್ನೆ ಅಲ್ಲಿ ಮುಖ್ಯವಾಗಿರಲಿಲ್ಲ; ಅಂಗ ಕೊಟ್ಟವರ ಸಮ್ಮತಿ ಇತ್ತೇ ಎಂಬುದು ಮುಖ್ಯವಾಗಿತ್ತು.

ಹಾಗಿದ್ದರೂ ಅನುಮತಿ ಪತ್ರವನ್ನು ಬರಿಯ ಕಚೇರಿ ಕಾಗದವೆಂದು ಭಾವಿಸುವವರು ಜರ್ಮನಿಯ ಅರಿವಳಿಕೆ ತಜ್ಞ ಯೋಆಖಿಮ್ ಬೋಲ್ಟ್ ಅವರ ಪ್ರಕರಣವನ್ನು ತಿಳಿದುಕೊಳ್ಳಬೇಕು. ಲುಡ್ವಿಗ್ಸ್‌ಹಾಫೆನ್ ನಗರದ ಆಸ್ಪತ್ರೆಯಲ್ಲಿದ್ದ ಅವರು, ರಕ್ತದ ಪ್ರಮಾಣ ಕುಸಿದ ರೋಗಿಗಳ ರಕ್ತನಾಳಕ್ಕೆ ಕೊಡುವ ಹೈಡ್ರಾಕ್ಸಿಎಥಿಲ್ ಸ್ಟಾರ್ಚ್ ಎಂಬ ದ್ರಾವಣದ ವಿಷಯದಲ್ಲಿ ಜಗತ್ತಿನ ಪ್ರಮುಖ ತಜ್ಞರಲ್ಲಿ ಒಬ್ಬರೆನಿಸಿದ್ದರು. 2009ರಲ್ಲಿ ಅನೆಸ್ತೀಸಿಯಾ ಅಂಡ್ ಅನಾಲ್ಜೀಸಿಯಾ ಎಂಬ ಜರ್ನಲ್‌ನಲ್ಲಿ ಬಂದ ಅವರ ಲೇಖನವೊಂದರ ಅಂಕಿಗಳಲ್ಲಿ ರೋಗಿಯಿಂದ ರೋಗಿಗೆ ಸಹಜವಾಗಿ ಕಾಣಬೇಕಾದ ಏರುಪೇರೇ ಇಲ್ಲವೆಂದು ಕೆಲವು ಓದುಗರು ಸಂಪಾದಕರಿಗೆ ಬರೆದರು. (ಸಂದೇಹ ಹುಟ್ಟಿದ್ದು ಪರಿಶೀಲಕರಿಗಲ್ಲ, ಓದುಗರಿಗೆ ಎಂಬುದು ಗಮನಾರ್ಹ.) ತನಿಖೆ ನಡೆದಾಗ ಆ ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಇರಲಿಲ್ಲವೆಂಬುದು ತಿಳಿಯಿತು, ಅಧ್ಯಯನ ನಿಜವಾಗಿ ನಡೆದಿತ್ತೆಂದು ನಂಬಲು ತಕ್ಕ ದಾಖಲೆಗಳೂ ದೊರೆಯಲಿಲ್ಲ. 2010ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. 2011ರಲ್ಲಿ ಹಲವು ಜರ್ನಲ್‌ಗಳ ಸಂಪಾದಕರು ಒಟ್ಟಾಗಿ, ಅನುಮತಿ ಇದ್ದದ್ದಕ್ಕೆ ಪುರಾವೆ ಸಿಗದ, ಬೋಲ್ಟ್ ಅವರ 80ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿದರು. ಇಂದು ಬೋಲ್ಟ್ ಅವರ ಹಿಂತೆಗೆದ ಲೇಖನಗಳ ಸಂಖ್ಯೆ 200ನ್ನು ದಾಟಿದೆ.

ಇದರಿಂದ ಚಿಕಿತ್ಸೆಯ ತಿಳಿವಳಿಕೆ ಎಷ್ಟು ಬದಲಾಯಿತೆಂಬುದಕ್ಕೆ 2013ರಲ್ಲಿ ಜಾಮಾ ಜರ್ನಲ್‌ನಲ್ಲಿ ಬಂದ ಒಂದು ವಿಶ್ಲೇಷಣೆ ಸಾಕ್ಷಿ. ತೀವ್ರ ಅಸ್ವಸ್ಥರಲ್ಲಿ ಈ ದ್ರಾವಣವನ್ನು ಬಳಸಿ ನಡೆದ 38 ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಹಾನಿಯ ಸುಳಿವು ಅಸ್ಪಷ್ಟವಾಗಿಯೇ ಉಳಿಯುತ್ತಿತ್ತು. ಬೋಲ್ಟ್ ಅವರ ಏಳು ಪ್ರಯೋಗಗಳನ್ನು, ಎಂದರೆ ಸುಮಾರು 11 ಸಾವಿರ ರೋಗಿಗಳಲ್ಲಿ ಕೇವಲ 590 ಮಂದಿಯ ಅಂಕಿಗಳನ್ನು, ತೆಗೆದುಹಾಕಿದ ಮೇಲೆ ಸಾವಿನ ಅಪಾಯ ಸುಮಾರು ಶೇ. 9ರಷ್ಟು ಹೆಚ್ಚುವುದು ಸ್ಪಷ್ಟವಾಯಿತು. ಮೂತ್ರಪಿಂಡ ವೈಫಲ್ಯದ ಅಪಾಯವೂ ಹೆಚ್ಚಿತ್ತು. ಯುರೋಪಿನ ಔಷಧ ನಿಯಂತ್ರಕರು 2013ರಿಂದ ಇದರ ಬಳಕೆಗೆ ನಿರ್ಬಂಧ ಹಾಕುತ್ತ ಬಂದು, 2022ರಲ್ಲಿ ಮಾರಾಟ ಪರವಾನಗಿಯನ್ನೇ ಅಮಾನತಿನಲ್ಲಿಟ್ಟರು. ಇದೆಲ್ಲ ಲೇಖನಗಳನ್ನು ಹಿಂತೆಗೆದ ಒಂದೇ ಕಾರಣದಿಂದ ಆಯಿತೆಂದರೆ ಅತಿಶಯೋಕ್ತಿಯಾದೀತು. 2012ರಲ್ಲಿ ಬಂದ ದೊಡ್ಡ ಸ್ವತಂತ್ರ ಪ್ರಯೋಗಗಳ ಪಾಲು ಇದರಲ್ಲಿ ಹಿರಿದು.

ಇನ್ನು ತಜ್ಞರ ಪರಿಶೀಲನೆ. ಪರಿಶೀಲಕರ ಕೈಗೆ ಸಾಮಾನ್ಯವಾಗಿ ಬರುವುದು ಹಸ್ತಪ್ರತಿ ಮಾತ್ರ. ಆಸ್ಪತ್ರೆಯ ಕಡತ, ರೋಗಿಗಳು ಸಹಿ ಮಾಡಿದ ಸಮ್ಮತಿ ಪತ್ರ, ಸಮಿತಿಯ ಮೂಲ ಆದೇಶ ಇವಾವುದನ್ನೂ ಅವರು ನೋಡಿರುವುದಿಲ್ಲ. ‘ಅನುಮತಿ ಪಡೆಯಲಾಗಿದೆ’ ಎಂಬ ಒಂದು ಸಾಲನ್ನು ನಂಬಿ ಮುಂದುವರಿಯುತ್ತಾರೆ. ಪರಿಶೀಲನೆಯೇ ನಕಲಿಯಾದ ಪ್ರಸಂಗಗಳೂ ಇವೆ. ಲೇಖಕರೇ ಪರಿಶೀಲಕರನ್ನು ಸೂಚಿಸುವ ಅವಕಾಶವನ್ನು ದುರುಪಯೋಗಪಡಿಸಿಕೊಂಡು, ನಿಜವಾದ ತಜ್ಞರ ಹೆಸರಿಗೆ ಸುಳ್ಳು ಇಮೇಲ್ ವಿಳಾಸ ಕೊಟ್ಟು, ಅಲ್ಲಿಂದ ಹೊಗಳಿಕೆಯ ವರದಿಗಳನ್ನು ಕಳುಹಿಸಿದ ಪ್ರಕರಣಗಳು ಬೆಳಕಿಗೆ ಬಂದವು. ಇಂಥ ಕಾರಣಕ್ಕಾಗಿ ಬಯೋಮೆಡ್ ಸೆಂಟ್ರಲ್ ಪ್ರಕಾಶನ ಸಂಸ್ಥೆ 2015ರಲ್ಲಿ 43 ಲೇಖನಗಳನ್ನು, ಟ್ಯೂಮರ್ ಬಯಾಲಜಿ ಎಂಬ ಜರ್ನಲ್ 2017ರಲ್ಲಿ ಒಂದೇ ಸಲಕ್ಕೆ 107 ಲೇಖನಗಳನ್ನು ಹಿಂತೆಗೆದುಕೊಂಡವು.

ಅಳಿಸಿ ಹಾಕದಿರುವುದು ಉದ್ದೇಶಪೂರ್ವಕವಾಗಿಯೇ. ಆ ಲೇಖನವನ್ನು ಆಧರಿಸಿ ಬರೆದವರು ಈಗಾಗಲೇ ಹಲವರಿರುತ್ತಾರೆ. ಮೂಲವೇ ಕಾಣೆಯಾದರೆ ಏನು ತಪ್ಪಾಗಿತ್ತು, ಅದು ಯಾವ ಯಾವ ಬರಹಗಳಿಗೆ ಹರಡಿತು ಎಂದು ಹುಡುಕಲು ದಾರಿಯಿರುವುದಿಲ್ಲ. ಆದ್ದರಿಂದ ಪ್ರಕಟಣಾ ನೀತಿಯ ಕೋಪ್ ಸಂಸ್ಥೆಯ ಮಾರ್ಗಸೂಚಿಯಂತೆ ಲೇಖನವನ್ನು ಉಳಿಸಿ, ಹಿಂತೆಗೆಯಲಾಗಿದೆ ಎಂಬ ಗುರುತನ್ನು ಅದರ ಮೇಲೆ ಹಾಕಿ, ಯಾರು ಮತ್ತು ಏಕೆ ಹಿಂತೆಗೆದರೆಂಬ ಪ್ರಕಟಣೆಯನ್ನು ಎಲ್ಲರಿಗೂ ಉಚಿತವಾಗಿ ಓದಲು ಸಿಗುವಂತೆ ಇಡಬೇಕು. ತಪ್ಪು ಸಣ್ಣದಾಗಿದ್ದು ತೀರ್ಮಾನ ನಿಲ್ಲುವಂತಿದ್ದರೆ ತಿದ್ದುಪಡಿ ಸಾಕು. ತನಿಖೆ ಇನ್ನೂ ಮುಗಿಯದಿದ್ದರೆ ಸಂಪಾದಕರು ಎಚ್ಚರಿಕೆಯ ಟಿಪ್ಪಣಿಯನ್ನು ಪ್ರಕಟಿಸಬಹುದು. ಈ ಟಿಪ್ಪಣಿ ವರ್ಷಗಟ್ಟಲೆ ಹಾಗೆಯೇ ನೇತಾಡುವುದು ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ದೊಡ್ಡ ಕೊರತೆ.

ಪ್ರಶ್ನೆ: ನಾನು ಓದುತ್ತಿರುವ ಲೇಖನವನ್ನು ಹಿಂತೆಗೆಯಲಾಗಿದೆಯೇ ಎಂದು ನೋಡುವುದು ಹೇಗೆ?
– ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಶೀರ್ಷಿಕೆ ಹಾಕಿ ಹುಡುಕಿ, ಹಿಂತೆಗೆದಿದ್ದರೆ ಆ ಪುಟದಲ್ಲೇ ಎದ್ದು ಕಾಣುವಂತೆ ಸೂಚನೆ ಇರುತ್ತದೆ. ಹಿಂತೆಗೆದ ಲೇಖನಗಳ ಮೇಲೆ ಕಣ್ಣಿಡುವ ರಿಟ್ರಾಕ್ಷನ್ ವಾಚ್ ಸಂಗ್ರಹಿಸಿದ ದತ್ತಾಂಶವೂ 2023ರಿಂದ, ಲೇಖನಗಳ ವಿವರ ದಾಖಲಿಸುವ ಕ್ರಾಸ್‌ರೆಫ್ ಸಂಸ್ಥೆಯ ಮೂಲಕ ಉಚಿತವಾಗಿ ಸಿಗುತ್ತಿದೆ. ನೀವು ಮೊದಲೇ ಇಳಿಸಿಟ್ಟುಕೊಂಡ ಪಿಡಿಎಫ್ ಪ್ರತಿಯಲ್ಲಿ ಮಾತ್ರ ಆ ಗುರುತು ಬರುವುದಿಲ್ಲ; ಪ್ರಬಂಧ ಒಪ್ಪಿಸುವ ಮುನ್ನ ಪ್ರತಿ ಉಲ್ಲೇಖವನ್ನೂ ಹೊಸದಾಗಿ ಹುಡುಕಿ ನೋಡಬೇಕು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶಾ ಲೇಖನವನ್ನು ಬಳಸುವುದಾದರೆ, ಅದರ ಕೋಷ್ಟಕದಲ್ಲಿರುವ ಪ್ರಯೋಗಗಳನ್ನೂ ಹೀಗೆಯೇ ಪರೀಕ್ಷಿಸಿ, ಏಕೆಂದರೆ ಒಳಗಿನ ಪ್ರಯೋಗವನ್ನು ಹಿಂತೆಗೆದಿದ್ದರೂ ವಿಮರ್ಶೆಯ ಮೇಲೆ ಅನೇಕ ಸಲ ಯಾವ ಗುರುತೂ ಇರುವುದಿಲ್ಲ.