ಎರಡು-ಮೂರು ಭಾಷೆಯ ಆಡಿಯೊ, ಸಬ್‌ಟೈಟಲ್ ಇರುವ ಎಂಕೆವಿ ಫೈಲ್ ಎಡಿಟ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಬರೀ ಕತ್ತರಿಸಬೇಕಾದರೆ ಲಾಸ್‌ಲೆಸ್‌ಕಟ್, ಬೇಡದ ಭಾಷೆ ತೆಗೆಯಬೇಕಾದರೆ ಎಂಕೆವಿಟೂಲ್‌ನಿಕ್ಸ್. ದೊಡ್ಡ ಎಡಿಟಿಂಗ್ ಸಾಫ್ಟ್‌ವೇರ್ ಇದಕ್ಕೆ ಬೇಕಾಗಿಲ್ಲ.

ಎಂಕೆವಿ ಅನ್ನುವುದು ಒಂದು ಡಬ್ಬಿ ಇದ್ದಂತೆ. ಅದರಲ್ಲಿ ವಿಡಿಯೊ, ಒಂದೊಂದು ಭಾಷೆಯ ಆಡಿಯೊ, ಸಬ್‌ಟೈಟಲ್ ಎಲ್ಲವೂ ಬೇರೆ ಬೇರೆ ಟ್ರ್ಯಾಕ್ ಆಗಿರುತ್ತವೆ. ಈ ಎರಡೂ ಸಾಫ್ಟ್‌ವೇರ್ ಟ್ರ್ಯಾಕ್‌ಗಳನ್ನು ಇದ್ದ ಹಾಗೇ ಹೊಸ ಫೈಲಿಗೆ ಹಾಕುತ್ತವೆ. ಗುಣಮಟ್ಟ ಕೆಡುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. ಮಾಮೂಲಿ ಎಡಿಟರ್ ಹಾಗಲ್ಲ. ಟೈಮ್‌ಲೈನಿನಲ್ಲಿ, ಅಂದರೆ ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿಯಲ್ಲಿ, ಇರುವುದನ್ನು ಮಾತ್ರ ಹೊಸದಾಗಿ ಎನ್‌ಕೋಡ್ ಮಾಡುತ್ತದೆ, ಅಂದರೆ ಮತ್ತೆ ಕುಗ್ಗಿಸಿ ಬರೆಯುತ್ತದೆ. ಫೈಲಿನೊಳಗಿನ ಸಬ್‌ಟೈಟಲ್ ಎಷ್ಟೋ ಸಲ ಅಲ್ಲಿಗೆ ಬರುವುದೇ ಇಲ್ಲ.

ಎಂಕೆವಿಟೂಲ್‌ನಿಕ್ಸ್‌ಗೆ ಫೈಲ್ ಎಳೆದು ಹಾಕಿದರೆ ಟ್ರ್ಯಾಕ್‌ಗಳ ಪಟ್ಟಿ ಕಾಣುತ್ತದೆ. ಬೇಡದ್ದರ ಟಿಕ್ ತೆಗೆದು ಹೊಸ ಫೈಲ್ ಮಾಡಿಸಿದರೆ ಆಯಿತು. ಲಾಸ್‌ಲೆಸ್‌ಕಟ್‌ನಲ್ಲಿ ಎಕ್ಸ್‌ಪೋರ್ಟ್‌ಗೆ ಮೊದಲು ಬೇಕಾದ ಟ್ರ್ಯಾಕ್‌ಗಳೆಲ್ಲ ಆನ್ ಇವೆಯಾ ನೋಡಿಕೊಳ್ಳಿ. ಒಂದು ಮಿತಿ: ಎನ್‌ಕೋಡ್ ಮಾಡದೆ ಕತ್ತರಿಸುವಾಗ ಕ್ಲಿಪ್ಪಿನ ಶುರು ಕೀಫ್ರೇಮ್‌ನಲ್ಲೇ, ಅಂದರೆ ಪೂರ್ತಿ ಚಿತ್ರ ಉಳಿಸಿರುವ ಜಾಗದಲ್ಲೇ ಆಗುತ್ತದೆ. ಒಂದೆರಡು ಸೆಕೆಂಡ್ ಆಚೀಚೆ ಆಗಬಹುದು.

ಬಣ್ಣ, ಎಫೆಕ್ಟ್ ಬೇಕೇ ಬೇಕು ಅಂದರೆ ದವಿಂಚಿ ರಿಸಾಲ್ವ್ ಥರದ ಎಡಿಟರ್ ಬಳಸಿ, ಸಬ್‌ಟೈಟಲ್ಲನ್ನು ಕೊನೆಗೆ ಎಂಕೆವಿಟೂಲ್‌ನಿಕ್ಸ್‌ನಲ್ಲಿ ಸೇರಿಸಿ. ನಡುವೆ ದೃಶ್ಯ ತೆಗೆದಿದ್ದರೆ ಸಬ್‌ಟೈಟಲ್ಲಿನ ಟೈಮಿಂಗನ್ನೂ ಸರಿಮಾಡಬೇಕು.