ಪೈಥಾನ್‌ನ ಮಷಿನ್ ಲರ್ನಿಂಗ್ ಲೈಬ್ರರಿ ಸೈಕಿಟ್-ಲರ್ನ್‌ನ ಲಾಜಿಸ್ಟಿಕ್ ರಿಗ್ರೆಶನ್ (ಡೇಟಾವನ್ನು ವರ್ಗಗಳಾಗಿ ವಿಂಗಡಿಸುವ ಮಾದರಿ) 100 ಸುತ್ತಾದರೂ ಗುರಿ ಮುಟ್ಟುವುದಿಲ್ಲ, ಯಾಕೆ?

ಹೆಚ್ಚಿನ ಸಲ ತಪ್ಪು ಅಲ್ಗಾರಿದಮ್‌ನದಲ್ಲ, ಡೇಟಾದ ಅಳತೆಯದು. ಒಂದು ಕಾಲಂನಲ್ಲಿ ವಯಸ್ಸು (20–60), ಪಕ್ಕದಲ್ಲೇ ಲಕ್ಷಗಟ್ಟಲೆ ರೂಪಾಯಿಯ ವರಮಾನ ಇದ್ದರೆ 'ಕನ್ವರ್ಜ್ ಆಗಿಲ್ಲ' (ಲೆಕ್ಕ ಇನ್ನೂ ಒಂದು ಉತ್ತರಕ್ಕೆ ಬಂದು ನಿಂತಿಲ್ಲ) ಎಂಬ ಎಚ್ಚರಿಕೆ ಬರುವುದು ಸಹಜ.

0.22ನೇ ಆವೃತ್ತಿಯಿಂದ ಈ ಲೈಬ್ರರಿ, ನೀವು ಬೇರೆ ಹೇಳದಿದ್ದರೆ, ಎಲ್-ಬಿಎಫ್‌ಜಿಎಸ್ ವಿಧಾನವನ್ನೇ ಬಳಸುತ್ತದೆ. ಮಾದರಿಯ ತಪ್ಪನ್ನು ಒಂದು ಕಣಿವೆ ಎಂದುಕೊಂಡರೆ, ಅದರ ತಳ ಹುಡುಕುವುದೇ ಈ ವಿಧಾನದ ಕೆಲಸ. ಅಳತೆಗಳು ಏರುಪೇರಾದಾಗ ಕಣಿವೆ ಬೋಗುಣಿಯಂತಿರದೆ ಉದ್ದನೆಯ, ಇಕ್ಕಟ್ಟಾದ ಕಾಲುವೆಯಂತಾಗುತ್ತದೆ. ಅಲ್ಲಿ ಅತಿ ಕಡಿದಾದ ಇಳಿಜಾರು ಹಿಡಿದು ಹೊರಟರೆ ತಳ ಸಿಗುವುದಿಲ್ಲ, ಎದುರಿನ ದಂಡೆ ಸಿಗುತ್ತದೆ. ಎಲ್-ಬಿಎಫ್‌ಜಿಎಸ್ ಕಣಿವೆಯ ಬಾಗನ್ನೂ ಅಂದಾಜಿಸುತ್ತದೆ, ನಿಜ. ಆದರೆ ಮೆಮೊರಿ ಉಳಿಸಲು ಇತ್ತೀಚಿನ 10 ಹೆಜ್ಜೆಗಳನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಅಂದಾಜು ಕುದುರುವಷ್ಟರಲ್ಲಿ 100 ಸುತ್ತಿನ ಮಿತಿ ಮುಗಿದಿರುತ್ತದೆ.

ಮಿತಿಯನ್ನು 10,000ಕ್ಕೆ ಏರಿಸಿ ಎನ್ನುವವರಿದ್ದಾರೆ. ನನಗದು ಜ್ವರಕ್ಕೆ ಬರೀ ತಣ್ಣೀರು ಬಟ್ಟೆ ಹಾಕಿದಂತೆ. ಮೊದಲು ಸ್ಟ್ಯಾಂಡರ್ಡ್ ಸ್ಕೇಲರ್ ಬಳಸಿ: ಪ್ರತಿ ಕಾಲಂನ ಸರಾಸರಿ 0, ಹರಡುವಿಕೆ (ಪ್ರಮಾಣ ವಿಚಲನೆ) 1 ಆಗುತ್ತದೆ. ಅಂದಹಾಗೆ, ಈ ಮಾದರಿ ದೊಡ್ಡ ತೂಕಗಳಿಗೆ (ಪ್ರತಿ ಕಾಲಂಗೆ ಅದು ಕೊಡುವ ಗುಣಾಂಕಗಳಿಗೆ) ದಂಡ ಹಾಕುವುದರಿಂದ, ಅಳತೆ ಬದಲಿಸಿದರೆ ವೇಗದ ಜೊತೆ ಉತ್ತರವೂ ತುಸು ಬದಲಾಗುತ್ತದೆ.